ಮೂಲಪುರುಷರ ಸೌಟು

ನಮ್ಮ ಲೆಕ್ಕದ ಸರ್ ತೀರಿಕೊಂಡು ಎರಡು ತಿಂಗಳಾಯಿತು. ಅವರ ಬಗ್ಗೆ ನಾನು ಬರೆಯುವುದು ಅವರಿಗೆ ಖಂಡಿತ ಇಷ್ಟವಾಗುತ್ತಿರಲಿಲ್ಲ. ನನ್ನ ಬರವಣಿಗೆಯ ಮೇಲೆ ಅವರಿಗೆ ಗೌರವವಿರಲಿಲ್ಲ, ಇರಲು ಕಾರಣವನ್ನೂ ನಾನು ಒದಗಿಸಿರಲಿಲ್ಲ. ಹಾನಗಲ್ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ. ಈ ತಾಲೂಕಿನಲ್ಲಿ ಯಾರು ಎಷ್ಟು ದೊಡ್ಡವರು ಎಂಬುದನ್ನು ಬಹುಮಟ್ಟಿಗೆ ನಾನೇ ತೀರ್ಮಾನಿಸುತ್ತೇನೆ. ನಾಲ್ಕಡಿ ಫ್ಲೆಕ್ಸಾದರೆ 'ಯುವ ಮುಖಂಡ', ಎಂಟಡಿಯಾದರೆ 'ಜನಪ್ರಿಯ ನಾಯಕ', ಅದಕ್ಕೂ ಮೇಲಾದರೆ 'ಆಧುನಿಕ ಭಗೀರಥ'. ಸತ್ತವರು ಮಾತ್ರ ಯಾವ ಅಳತೆಯಲ್ಲಾದರೂ 'ಅಜಾತಶತ್ರು'. ಇಷ್ಟು ವರ್ಷಗಳಲ್ಲಿ ಇವನ್ನೆಲ್ಲ ನಿಜವಾಗಿಯೂ ಓದಿ, ಅಂಗಡಿಯ ಮೆಟ್ಟಿಲು ಹತ್ತಿ ಬಂದು ತಕರಾರು ಮಾಡಿದವರು ಸರ್ ಒಬ್ಬರೇ.

ಒಮ್ಮೆ ಒಬ್ಬ ಮುಖಂಡರ ಹುಟ್ಟುಹಬ್ಬಕ್ಕೆ 'ಹಾನಗಲ್ಲಿನ ಹೃದಯ ಸಾಮ್ರಾಟ' ಎಂದು ಬರೆದು ಸರ್ಕಲ್ಲಿನಲ್ಲಿ ಕಟ್ಟಿಸಿದ್ದೆ. ಸರ್ ಕನ್ನಡಕ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಏನನ್ನಾದರೂ ಸರಿಯಾಗಿ ನೋಡಬೇಕಾದರೆ ಅವರು ಕನ್ನಡಕ ತೆಗೆಯುತ್ತಿದ್ದರು.

"ಸಮ್ರಾಟ ಅನ್ನೋದರಾಗ 'ಸ'ಕ್ಕ ದೀರ್ಘ ಇಲ್ಲ, ಅದೊಂದು. ಇನ್ನ, ಈ ಮನಷ್ಯಾ ಯಾರ ಹೃದಯದ ಸಮ್ರಾಟ? ಆಧಾರ ಎಲ್ಲದ?"

"ಸರ, ಅವರ ಹುಡುಗ್ರು ಬರಸ್ಯಾರ್ರಿ."

"ಹಂಗಾರ 'ಹುಡುಗರ ಹೃದಯ' ಅಂತ ಬರಿ. ಊರಿನ ಹೃದಯ ಯಾಕ ಬರೀತಿ?"

ಶಾಲೆಯಲ್ಲಿಯೂ ಹೀಗೇ. ಪುಸ್ತಕದ ಹಿಂದಿನ ಪುಟ ನೋಡಿ ಉತ್ತರ ಬರೆಯುವ ಕಲೆ ನನಗೆ ಒಂಬತ್ತನೇ ಇಯತ್ತೆಯಲ್ಲೇ ಸಿದ್ಧಿಸಿತ್ತು. ಒಂದು ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತೂ ಉತ್ತರ ಸರಿ ಬರೆದು ಸೊನ್ನೆ ಪಡೆದೆ. "ಉತ್ತರ ಸರಿ ಅದ. ಅದು ನಿನ್ನ ಹಂತ್ಯಾಕ ಹೆಂಗ ಬಂತು ಅನ್ನೋದು ಮಾತ್ರ ಕಾಣವಲ್ದು," ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ನಾನು ಡಿಟಿಪಿ ಅಂಗಡಿ ಹಾಕಬೇಕಾಗಿ ಬಂದದ್ದಕ್ಕೆ ಅವರೇ ಕಾರಣ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಇಂಥವರ ಕೈಗೆ ಅವರ ಮನೆತನದವರು ವಂಶಾವಳಿ ಬರೆಯುವ ಕೆಲಸ ಕೊಟ್ಟರು. ಎಂಥ ತಿಳಿದವರಿಗೂ ಒಮ್ಮೊಮ್ಮೆ ಬುದ್ಧಿ ಕೈಕೊಡುತ್ತದೆ.

ಅವರದು ವೈಷ್ಣವ ಮನೆತನ. ಹಿಂದೆ ಮನೆಮನೆಯಲ್ಲಿ ಸಂಸ್ಕೃತ ಪಾಠ ನಡೆಯುತ್ತಿತ್ತಂತೆ. ಈಗ ಡಾಕ್ಟರು, ವಕೀಲರು, ಆಡಿಟರುಗಳಾಗಿ ಹುಬ್ಬಳ್ಳಿ, ಬೆಳಗಾವಿ, ಪುಣೆಗಳಲ್ಲಿ ಹರಡಿಕೊಂಡು ವಾಟ್ಸಾಪಿನಲ್ಲಿ ಸೇರುತ್ತಿದ್ದರು. ಆ ಗುಂಪಿನ ಮುಖ್ಯಸ್ಥರು ಸರ್ ಅವರ ಕಾಕಾನ ಮಗ, ಹುಬ್ಬಳ್ಳಿಯಲ್ಲಿ ದೊಡ್ಡ ಡಾಕ್ಟರು. ದಿನಾ ಬೆಳಿಗ್ಗೆ ಒಂದು ಶ್ಲೋಕ ಹಾಕುವರು, ಸಂಜೆ ಮೂಲಪುರುಷರ ಮಹಿಮೆ ಹಾಕುವರು. ಉಳಿದವರು ಎರಡಕ್ಕೂ ಕೈ ಮುಗಿದ ಚಿತ್ರ ಹಾಕಿ ತಮ್ಮ ತಮ್ಮ ಕೆಲಸಕ್ಕೆ ಹೋಗುವರು.

ಮೂಲಪುರುಷರ ಮಹಿಮೆ ಹೀಗಿತ್ತು. ಅವರು ಮಹಾಪಂಡಿತರು. ಸವಣೂರಿನ ನವಾಬರ ದರ್ಬಾರಿನಲ್ಲಿ ಏಳು ದಿನ ವಾದ ಮಾಡಿ ಗೆದ್ದರು. ನವಾಬರು ಮೆಚ್ಚಿ ಮಾಸೂರಿನಲ್ಲಿ, ಮದಗದ ಕೆರೆಯ ನೀರು ಹಾಯುವ ಹೊಲವನ್ನು ಇನಾಮು ಕೊಟ್ಟರು. ಮುಂದೆ ಇಂಗ್ಲಿಷರು ಬಂದಾಗ ಪಂಡಿತರು ತಲೆ ಬಾಗಲಿಲ್ಲ. ಸಾಹೇಬನೇ ಕುದುರೆಯಿಂದ ಇಳಿದು ಟೊಪ್ಪಿಗೆ ತೆಗೆದ. ತೆಗೆದದ್ದು ಭಕ್ತಿಗೋ ಸೆಕೆಗೋ ಎಂದು ಯಾರೂ ವಿಚಾರಿಸಿರಲಿಲ್ಲ. ಅಂಥ ಹೊಲ, ಉಳುವವನೇ ಒಡೆಯ ಎಂಬ ಕಾನೂನು ಬಂದಾಗ, ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ ರೈತರ ಪಾಲಾಯಿತು. ಹೊಲ ಹೋದರೂ ಅದರ ದುಃಖ ಮಾತ್ರ ಮನೆತನದ ಸ್ವಾಧೀನದಲ್ಲೇ ಉಳಿದಿತ್ತು.

ಈ ಮಹಿಮೆಯನ್ನು ದೊಡ್ಡ ಫ್ಲೆಕ್ಸಿನಲ್ಲಿ ಮರದ ಆಕಾರದಲ್ಲಿ ಮಾಡಿಸಿ, ಸವಣೂರಿನಲ್ಲಿಯೇ ಮನೆತನದ ಸಮ್ಮೇಳನ ನಡೆಸಿ ಅನಾವರಣ ಮಾಡುವುದೆಂದು ಡಾಕ್ಟರು ಗೊತ್ತುಮಾಡಿದರು. ಹೆಸರುಗಳನ್ನು ಕೂಡಿಸಿ ಕೊಡುವುದು ನಿವೃತ್ತರಾಗಿ ಮನೆಯಲ್ಲಿ ಸುಮ್ಮನೆ ಕುಳಿತ ಸರ್ ಅವರ ಕೆಲಸ. ಮುದ್ರಣ ನನ್ನದು. ಮೂಲಪುರುಷರ ಚಿತ್ರವೊಂದು ಬೇಕಲ್ಲ, ಅದೂ ನನಗೇ ಬಂತು. "ಮುಖದಾಗ ತೇಜಸ್ಸು ಇರಬೇಕು, ಮೂಗು ನಮ್ಮ ಮನೆತನದ್ದು ಇರಬೇಕು," ಎಂದು ಡಾಕ್ಟರು ತಮ್ಮದೇ ಫೋಟೋ ಕಳಿಸಿದರು. ನಾನು ಕ್ಯಾಲೆಂಡರಿನ ಒಬ್ಬ ಸ್ವಾಮಿಗಳ ಶರೀರಕ್ಕೆ ಡಾಕ್ಟರ ಮೂಗು ಕೂಡಿಸಿ, ಹಿಂದೆ ಸೂರ್ಯನನ್ನು ಇಟ್ಟೆ. ಎಲ್ಲರೂ ಸಾಕ್ಷಾತ್ ಹಾಗೆಯೇ ಇದ್ದರು ಎಂದರು.

ಸರ್ ಮಾತ್ರ ಕೆಲಸವನ್ನು ಕೆಲಸವೆಂದೇ ಹಿಡಿದರು. ಹೆಗಲಿಗೊಂದು ಕೈಚೀಲ ಹಾಕಿಕೊಂಡು ಬಸ್ಸು ಹತ್ತಿದರೆ ಯಾವ ಊರಿನಲ್ಲಿ ಇಳಿಯುವರೋ ಹೇಳಲಾಗುತ್ತಿರಲಿಲ್ಲ. ಮದುವೆಗೆ ಹೋದರೆ ಅಕ್ಷತೆ ಹಾಕುವ ಮೊದಲು ವರನ ಅಜ್ಜನ ತಂದೆಯ ಹೆಸರು ಕೇಳುವರು. ಜನ ಅವರನ್ನು ಕಂಡರೆ ಊಟದ ಮನೆಯ ಹಿಂಬಾಗಿಲಿನಿಂದ ಹೊರಡತೊಡಗಿದರು. ನನ್ನನ್ನೂ ಒಮ್ಮೆ ಕೇಳಿದರು. ನನಗೆ ಅಜ್ಜನ ಹೆಸರಿನವರೆಗೆ ಗೊತ್ತಿತ್ತು, ಅದೂ ಹಳೆಯ ರೇಷನ್ ಕಾರ್ಡಿನಲ್ಲಿ ಇದ್ದುದರಿಂದ. "ಸರ್ಕಾರಕ್ಕ ನಿಮ್ಮಜ್ಜನ ನೆನಪು ನಿನಗಿಂತ ಛಲೋ ಅದ," ಎಂದರು.

ಮನೆತನದ ವಕೀಲರೊಬ್ಬರು, ನಮ್ಮವರ ಹೆಸರು ಆಡೂರಿನ ಶಾಸನದಲ್ಲಿಯೇ ಇದೆ ಎಂದು ಗುಂಪಿನಲ್ಲಿ ಬರೆದಿದ್ದರು. ಸರ್ ಮರುದಿನವೇ ಆಡೂರಿಗೆ ಹೋಗಿ, ಇಡೀ ದಿನ ಕಲ್ಲಿನ ಮುಂದೆ ಕುಳಿತು ಬಂದು ಉತ್ತರ ಹಾಕಿದರು: "ಶಾಸನದಲ್ಲಿ ನಮ್ಮವರು ಯಾರೂ ಇಲ್ಲ. ಬಿಸಿಲು ಚೆನ್ನಾಗಿತ್ತು." ಈ ಸಂದೇಶಕ್ಕೆ ಯಾರೂ ಕೈ ಮುಗಿಯಲಿಲ್ಲ.

ಶಿಗ್ಗಾಂವಿಯಲ್ಲಿ ಅವರ ಸೋದರತ್ತೆಯೊಬ್ಬರಿದ್ದರು, ತೊಂಬತ್ತರ ಹತ್ತಿರದವರು. ಅವರನ್ನು ನೋಡಲು ಹೋದಾಗ ಪ್ರಿಂಟ್ ಹಾಳೆ ಹಿಡಿದುಕೊಂಡು ನಾನೂ ಜೊತೆಗಿದ್ದೆ.

"ಅತ್ಯಾ, ನಿನ್ನ ಅಜ್ಜನ ಅಪ್ಪನ ಹೆಸರೇನ?"

"ಅದನ್ನ ನನಗೇನ ಕೇಳ್ತಿ? ತಿಥಿ ದಿನ ಹೆಸರು ಹೇಳೋರು ಭಟ್ರು. ನಾವು ವಡೆ ಕರಿಯೋರು."

"ಆತು. ನಿನ್ನ ಹೆಸರು ಹೇಳು, ಗಿಡದಾಗ ಹಾಕಬೇಕು."

ಅತ್ತೆ ಸ್ವಲ್ಪ ಹೊತ್ತು ಸರ್ ಅವರ ಮುಖವನ್ನೇ ನೋಡಿದರು. "ಹೆಣ್ಣಮಕ್ಕಳ ಹೆಸರೂ ಹಾಕ್ತಾರೇನ? ಯಾವುದು ಹಾಕ್ತಿ, ತವರಮನೀದೋ, ಲಗ್ನದಾಗ ಇಟ್ಟದ್ದೋ?"

"ನಿನಗ ಯಾವುದು ಬೇಕು?"

"ತವರಮನೀದು ಕೇಳಿ ಎಷ್ಟು ವರ್ಷಾತು," ಎಂದು ಅವರು ಆ ಹೆಸರನ್ನು ಬಹಳ ಸಣ್ಣ ದನಿಯಲ್ಲಿ ಹೇಳಿದರು. ಸರ್ ಅದನ್ನು ಬರೆದುಕೊಂಡು, ಒಮ್ಮೆ ಗಟ್ಟಿಯಾಗಿ ಓದಿ ತೋರಿಸಿದರು. ಅಂದಿನಿಂದ ಮರದ ತುಂಬ ಹೆಂಗಸರ ಹೆಸರು ಬರತೊಡಗಿದವು. ಫ್ಲೆಕ್ಸಿನ ಅಳತೆ ದೊಡ್ಡದಾಯಿತು. ಡಾಕ್ಟರು ಪ್ರಗತಿಪರರು, ಒಪ್ಪಿಕೊಂಡರು.

ಮರದ ಟೊಂಗೆಗಳೆಲ್ಲ ತುಂಬಿದವು, ಬುಡಕ್ಕೆ ಮಾತ್ರ ಆಧಾರ ಸಿಗಲಿಲ್ಲ. ಮೂಲಪುರುಷರ ಇನಾಮಿನ ಕಾಗದ ಎಲ್ಲಿಯಾದರೂ ಇರಬೇಕಲ್ಲ ಎಂದು ಸರ್ ಹಳೆಯ ದಫ್ತರಗಳನ್ನು ಹುಡುಕಲು ನಿಂತರು. ಇಂಗ್ಲಿಷರು ಈ ಸೀಮೆಗೆ ಹೊಸದಾಗಿ ಬಂದಾಗಿನ ಜಮೀನಿನ ಕಾಗದಗಳೆಲ್ಲ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದವು. ಅರವತ್ತು ದಾಟಿದ ಮೇಲೆ ಸರ್ ಮೋಡಿ ಕಲಿತರು. ಮನೆಯ ಪಡಸಾಲೆಯಲ್ಲಿ ಕುಳಿತು ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ಬಾಯಿಯವರು ಎಂದು ಕರೆಯುವವರು, ನನಗೆ ಚಹಾ ಕೊಡುತ್ತ, "ನಮಗ ಮಕ್ಕಳಿಲ್ಲ ಅಂತ ಜನ ಅಂತಾರ. ಇಲ್ಲಿ ನೋಡು, ಮೊದಲನೇ ಇಯತ್ತೆಗೆ ಹೊಂಟಾರ," ಎಂದು ನಕ್ಕರು.

ಒಂದು ಮಧ್ಯಾಹ್ನ ಸರ್ ಅಂಗಡಿಗೆ ಬಂದು ಝೆರಾಕ್ಸ್ ಹಾಳೆಯೊಂದನ್ನು ನನ್ನ ಕೀಬೋರ್ಡಿನ ಮೇಲಿಟ್ಟರು.

"ಕೆಳಗ ನೋಡು. ಏನದ ಅದು?"

ತೋರಣ ಕಟ್ಟಿದಂತಿದ್ದ ಅಕ್ಷರಗಳ ಕೆಳಗೆ ಒಂದು ಗುಂಡನೆಯ ಗುರುತು, ಅದಕ್ಕೊಂದು ಉದ್ದನೆಯ ಹಿಡಿಕೆ.

"ಚಮಚ ಇದ್ದಂಗ ಐತ್ರಿ ಸರ."

"ಚಮಚ ಅಲ್ಲ, ಸೌಟು. ಆಗಿನ ಕಾಲಕ್ಕ ಓದು ಬರಹ ಬಾರದವರು ಸಹಿ ಬದಲಿ ತಮ್ಮ ಕಸಬಿನ ಗುರ್ತು ತಗೀತಿದ್ರು. ರೈತ ಇದ್ರ ರಂಟಿ-ನೇಗಿಲಾ, ಬಡಿಗ್ಯಾ ಇದ್ರ ಬಾಚಿ. ಇದು ನಮ್ಮ ಮಹಾಪಂಡಿತರ ಸಹಿ."

ನಾನು ನಗು ತಡೆಯಲು ನೋಡಿದೆ. ಸರ್ ಅವರೇ ಮೊದಲು ನಕ್ಕರು. ಮೂರು ವರ್ಷ ಅವರ ಕೈಕೆಳಗೆ ಓದಿ, ಇಪ್ಪತ್ತು ವರ್ಷ ಅವರಿಂದ ಬೈಸಿಕೊಂಡ ನಾನು ಅವರು ಹಾಗೆ ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಆಮೇಲೆ ಕುರ್ಚಿಯಲ್ಲಿ ಕುಳಿತರು.

ಕಾಗದದಲ್ಲಿದ್ದುದನ್ನು ಅವರು ಹೇಳಿದ್ದು ಇಷ್ಟು. ಮೂಲಪುರುಷರು ನವಾಬರ ದರ್ಬಾರು ಕಂಡವರೇ ಅಲ್ಲ. ಇಂಗ್ಲಿಷರು ಈ ಕಡೆ ಮೊದಲು ಹೊಲ ಅಳೆಯಲು ಬಂದಾಗ, ಸಾಹೇಬನ ಡೇರೆಯ ಹಿಂದೆ ಬಂದ ಜನರಲ್ಲಿ ಒಬ್ಬರು. ಸಾಹೇಬನ ಕಾರಕೂನರಿಗೆ ಅಡಿಗೆ ಮಾಡುತ್ತಿದ್ದರು. ಡೇರೆ ಮುಂದೆ ಹೋದರೂ ಅವರು ಇಲ್ಲೇ ನೆಲೆಸಿದರು. ನೆಲೆಸಲು ನೆಲ ಬೇಕಲ್ಲ? ಮಾಸೂರಿನಲ್ಲಿ ಕೆಂಚಪ್ಪ ಎಂಬ ರೈತನ ಹೊಲವಿತ್ತು. ಊರಿಗೆ ಸಾಂಕ್ರಾಮಿಕ ಬ್ಯಾನೆ ಬಂದಾಗ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಾವನ ಊರಿಗೆ ಹೋಗಿದ್ದ. ಅವನು ಸತ್ತುಹೋಗಿದ್ದಾನೆ, ವಾರಸುದಾರರು ಯಾರೂ ಇಲ್ಲ ಎಂದು ಮೂಲಪುರುಷರು ಸಾಕ್ಷಿ ಹೇಳಿ ಸೌಟು ತೆಗೆದರು. ಊಟ ಹಾಕಿದವನ ಮಾತನ್ನು ಕಾರಕೂನರು ನಂಬದೆ ಇರುವುದು ಹೇಗೆ? ಹೊಲ ಅಡಿಗೆಯವರ ಹೆಸರಿಗಾಯಿತು.

"ಇನ್ನೊಂದು ಹಾಳಿ ಅದ," ಎಂದು ಸರ್ ಕೈಚೀಲದಿಂದ ತೆಗೆದರು. "ಎರಡು ವರ್ಷಕ್ಕ ಕೆಂಚಪ್ಪ ತಿರುಗಿ ಬಂದು ಅರ್ಜಿ ಕೊಟ್ಟಾನ. 'ನಾನು ಸತ್ತಿಲ್ಲ. ಸಾಕ್ಷಿ ಹೇಳಿದವನು ನನ್ನ ಮನಿಯೊಳಗ ಮಜ್ಜಿಗಿ ಕುಡದಾನ, ನನ್ನ ಗುರ್ತು ಅವಗ ಅದ' ಅಂತ. ಕೆಳಗ ರಂಟಿ ತಗದಾನ, ನೋಡು. ಅದರ ಮ್ಯಾಲೆ ಸಾಹೇಬನ ಹುಕುಂ: ಅರ್ಜಿದಾರ ತಾನು ಬದಕೀನಿ ಅನ್ನೋದಕ್ಕ ತಕ್ಕ ಆಧಾರ ಕೊಟ್ಟಿಲ್ಲ, ಅರ್ಜಿ ವಜಾ."

"ಮುಂದ ಅಂವ ಏನ ಮಾಡಿದನ್ರಿ ಸರ?"

"ಏನ ಮಾಡ್ತಾನ? ತನ್ನ ಹೊಲಾನ ನಮ್ಮ ಪಂಡಿತರ ಹಂತ್ಯಾಕ ಲಾವಣಿಗೆ ಹಿಡದ. ಅವನ ಮಕ್ಕಳು, ಮೊಮ್ಮಕ್ಕಳು ಎಲ್ಲಾರೂ ಅದನ್ನ ಮಾಡಿದ್ರು. ಕಡೀಕ ಕಾನೂನು ಬಂದು ಯಾರದು ಇತ್ತೋ ಅವರಿಗೇ ಹೋತು. ನಾವು ಐವತ್ತು ವರ್ಷದಿಂದ ಹೊಲ ಹೋತು ಹೊಲ ಹೋತು ಅಂತ ಅಳ್ಳಿಕ್ಕತ್ತೀವಿ."

ಮರದ ಬುಡದಲ್ಲಿ 'ಮಹಾಪಂಡಿತ' ತೆಗೆದು 'ಅಡಿಗೆಯವರು, ಇಂಗ್ಲಿಷರ ಮೋಜಣಿಯ ಡೇರೆಯೊಂದಿಗೆ ಬಂದು ನೆಲೆಸಿದವರು' ಎಂದು ಹಾಕಲು ಹೇಳಿ ಸರ್ ಎದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಹೊಲದ ಸಂಗತಿಯೂ ಬರಬೇಕು. ಆಗಲಿ ಎಂದೆ. ಸಂಜೆ, ಸರ್ ಅವರಿಂದಲೇ ಸುದ್ದಿ ತಿಳಿದ ಡಾಕ್ಟರ ಫೋನು ಬಂತು, ಒಂದಕ್ಷರವೂ ಬದಲಾಗಕೂಡದು ಎಂದರು. ಅವರಿಗೂ ಆಗಲಿ ಎಂದೆ. ನನ್ನದು ಗಿರಾಕಿಗಳಲ್ಲಿ ಭೇದ ಮಾಡದ ಅಂಗಡಿ.

ಎರಡು ದಿನ ಬಿಟ್ಟು ಡಾಕ್ಟರು ಖುದ್ದಾಗಿ ಕಾರು ಮಾಡಿಕೊಂಡು ಬಂದರು. ಸರ್ ಅವರನ್ನೂ ಅಂಗಡಿಗೇ ಕರೆಸಿದರು.

"ಅಣ್ಣಾ, ಸಿಟ್ಟು ಮಾಡಬ್ಯಾಡ. ಅಡಿಗಿಯವರು ಅಂತ ಹಾಕಿದ್ರ ಹುಡುಗೂರ ಮನಸಿಗೆ ಹೆಂಗ ಅನಸಬೇಕು? 'ಪಾಕಶಾಸ್ತ್ರ ವಿಶಾರದರು' ಅಂತ ಹಾಕೋಣು."

"ಆತು, ಹಾಕು. ಸಾಕ್ಷಿಗೆ ಏನಂತ ಹಾಕ್ತಿ? ಅಸತ್ಯ ವಿಶಾರದರು ಅಂತ ಹಾಕ್ತೀಯೇನು?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಕಂಪ್ಯೂಟರ್ ಕಡೆ ನೋಡಿದೆ.

"ಇನ್ನೂರು ವರ್ಷದ ಮಾತು ಅಣ್ಣಾ. ಈಗ ಅದನ್ನ ಎತ್ತಿದ್ರ ಯಾರಿಗೇನು ಬಂತು?"

"ಏಳು ದಿನ ವಾದ ಮಾಡಿದ್ದೂ ಇನ್ನೂರು ವರ್ಷದ ಮಾತ. ಅದನ್ನ ದಿನಾ ಸಂಜಿಗೆ ಎತ್ತತೀಯಲ್ಲ?"

ಡಾಕ್ಟರು ನಕ್ಕು, ಅಣ್ಣನ ಬಿಪಿ ನೋಡಿ, ಉಪ್ಪು ಕಡಿಮೆ ತಿನ್ನಲು ಹೇಳಿ ಹೋದರು. ಫ್ಲೆಕ್ಸು ಅವರು ಹೇಳಿದಂತೆ ಮುದ್ರಣವಾಯಿತು.

ಸಮ್ಮೇಳನ ಸವಣೂರಿನ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಫ್ಲೆಕ್ಸು ಕಟ್ಟಲು ನಾನು ಹೋಗಿದ್ದೆ. ಪುಣೆಯವರು ಪುಣೆಯವರೊಂದಿಗೆ, ಬೆಳಗಾವಿಯವರು ಬೆಳಗಾವಿಯವರೊಂದಿಗೆ ಕುಳಿತು ಒಗ್ಗಟ್ಟಿನ ಬಗ್ಗೆ ಭಾಷಣ ಕೇಳಿದರು. ಮೂಲಪುರುಷರ ಮೂಗನ್ನು ಎಲ್ಲರೂ ಮೆಚ್ಚಿದರು. ಕೊನೆಗೆ, ಹೆಸರು ಕೂಡಿಸಿದ ಶ್ರಮಕ್ಕಾಗಿ ಸರ್ ಅವರಿಗೆ ಶಾಲು ಹೊದಿಸಿ, ಎರಡು ಮಾತು ಆಡಲು ಹೇಳಿದರು. ಶಾಲು ಹೊದಿಸಿದ ಮೇಲೆ ಮನುಷ್ಯ ಮೆತ್ತಗಾಗುತ್ತಾನೆ ಎಂದು ಡಾಕ್ಟರು ನಂಬಿದ್ದಿರಬೇಕು.

ಸರ್ ಶಾಲು ಮಡಚಿ ಕುರ್ಚಿಯ ಮೇಲಿಟ್ಟರು. ಕನ್ನಡಕ ತೆಗೆದು ಝೆರಾಕ್ಸ್ ಹಾಳೆ ಮುಖದ ಹತ್ತಿರ ಹಿಡಿದರು.

"ನಾವು ಈ ಸೀಮಿಗೆ ಬಂದದ್ದು ಇಂಗ್ಲಿಷರ ಡೇರೆ ಹಿಂದ, ಪಾತ್ರಿ ಹೊತಗೊಂಡು. ಅದರಾಗ ನಾಚಿಕಿ ಪಡೋದು ಏನೂ ಇಲ್ಲ. ಈ ಸವಣೂರಾಗಿನ ದೊಡ್ಡ ಹುಣಸಿ ಗಿಡಾನೂ ಆಫ್ರಿಕಾದಿಂದ ಬಂದು ಇಲ್ಲಿ ಬೇರು ಬಿಟ್ಟದ್ದ. ನಾಚಿಕಿ ಇರೋದು ಮುಂದಿನ ಸಾಲಿನೊಳಗ. ಓದ್ತೀನಿ, ಕೇಳ್ರಿ."

ಓದಿದರು. ಕೆಂಚಪ್ಪನ ಅರ್ಜಿಯವರೆಗೆ ಬಂದಾಗ ಮೈಕು ನಿಂತಿತು. ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಲೇ ಇತ್ತು. ಸರ್ ಮೂವತ್ತು ವರ್ಷ ಮೈಕಿಲ್ಲದೆ ಪಾಠ ಮಾಡಿದವರು, ಓದುತ್ತಲೇ ಹೋದರು. ಡಾಕ್ಟರು ವೇದಿಕೆಯ ತುದಿಗೆ ಬಂದು, "ಊಟಕ್ಕ ಏಳ್ರಿ, ಎಲೆ ಹಾಕ್ಯದ," ಎಂದು ಕೂಗಿದರು. ಇಡೀ ಮನೆತನ ಎದ್ದಿತು. ಅಂದು ಕಂಡ ಒಗ್ಗಟ್ಟು ಅದೊಂದೇ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಶಿಗ್ಗಾಂವಿಯ ಅತ್ತೆ ಮಾತ್ರ ಏಳಲಿಲ್ಲ. "ನೀ ಓದೋ, ನಾ ಕೇಳ್ಲಿಕ್ಕತ್ತೀನಿ. ಮಜ್ಜಿಗಿ ಕೊಟ್ಟಾವಗ ಹಿಂಗ ಮಾಡಿದನೇನು?" ಎಂದರು. ಸರ್ ಅವರೊಬ್ಬರಿಗಾಗಿ ಕೊನೆಯ ಸಾಲಿನವರೆಗೂ ಓದಿದರು.

ಆ ಸಂಜೆಯೇ ಸರ್ ಅವರನ್ನು ವಾಟ್ಸಾಪ್ ಗುಂಪಿನಿಂದ ತೆಗೆದರು. ವಾರದ ಮೇಲೆ ಡಾಕ್ಟರು ಫೋನು ಮಾಡಿ, ಮನೆಗೊಂದರಂತೆ ಸಣ್ಣ ಅಳತೆಯಲ್ಲಿ ಮರವನ್ನು ಮತ್ತೆ ಮುದ್ರಿಸಲು ಹೇಳಿದರು. "ಸಣ್ಣದರಾಗ ಜಾಗಾ ಸಾಲೂದಿಲ್ಲ. ಅಣ್ಣನ ಟೊಂಗಿ ತಗದುಬಿಡಪಾ. ಹೆಂಗೂ ಮಕ್ಕಳಿಲ್ಲ, ಮುಂದ ಬೆಳಿಯೋದಲ್ಲ ಅದು."

ಜಾಗವಿತ್ತು. ಅಕ್ಷರ ಸ್ವಲ್ಪ ಸಣ್ಣದು ಮಾಡಿದ್ದರೆ ಇನ್ನೂ ಇಬ್ಬರು ಹಿಡಿಸುತ್ತಿದ್ದರು. ನಾನು ತೆಗೆದೆ. ಒಂದು ಕೀ ಒತ್ತುವಷ್ಟು ಕೆಲಸ.

ಗೋಡೆಗೆ ಒಣಗಲು ಹಾಕಿದ್ದ ಪ್ರತಿಯನ್ನು ಸರ್ ನೋಡಿದ್ದು ಮರುದಿನ. ಕನ್ನಡಕ ತೆಗೆದು ಹತ್ತಿರ ಹೋದರು. ತಮ್ಮ ತಂದೆಯ ಹೆಸರಿನ ಮೇಲೆ ಬೆರಳಿಟ್ಟು, ಬೆರಳನ್ನು ಮೇಲೆ ಸರಿಸಿದರು. ಅಲ್ಲಿ ಹಸಿರು ಎಲೆ ಮಾತ್ರ ಇತ್ತು. ನಾನು ಏನೇನೋ ಹೇಳಲು ಬಾಯಿ ತೆರೆದೆ.

"ನನ್ನ ಹೆಸರಿನ ಮಾತು ಬಿಡೋ," ಎಂದರು. "ನಮ್ಮ ಮನಿಯಾಕೀದೂ ಹೋಗ್ಯದ. ಆಕಿ ಯಾವ ಭಾಷಣ ಮಾಡಿದ್ದಳು?"

ಇಪ್ಪತ್ತು ವರ್ಷ ಅವರು ಬೈದದ್ದೆಲ್ಲ ಒಂದು ತೂಕ, ಇದೊಂದು ತೂಕ. ನಾನು ತಲೆ ಎತ್ತಲಿಲ್ಲ. ಸರ್ ಕನ್ನಡಕ ಹಾಕಿಕೊಂಡು ಕೇಳಿದರು. "ನಾಳೆ ನಿನ್ನ ಗಾಡಿ ಖಾಲಿ ಅದ ಏನು? ಮಾಸೂರಿಗೆ ಹೋಗಬೇಕು."

ಮರುದಿನ ಬೆಳಿಗ್ಗೆ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಚಿಕ್ಕೇರೂರು ದಾಟಿ, ಹಿರೇಕೆರೂರಿನಲ್ಲಿ ಚಹಾ ಕುಡಿದು ಮಾಸೂರು ಮುಟ್ಟಿದಾಗ ಬಿಸಿಲೇರಿತ್ತು. ಕೆರೆಯ ಕೆಳಗೆ ಭತ್ತದ ಗದ್ದೆಗಳಲ್ಲಿ ಹೆಂಗಸರು ಕಳೆ ಕೀಳುತ್ತಿದ್ದರು. ವಿಚಾರಿಸಿದಾಗ ಆ ಹೊಲದವರ ಮನೆ ಸುಲಭವಾಗಿ ಸಿಕ್ಕಿತು. ಅರವತ್ತರ ಆಸುಪಾಸಿನ ರೈತ, ಅವರ ಹೆಂಡತಿ. "ಬರ್ರಿ, ಕುಂದರ್ರಿ," ಎಂದು ಕಂಬಳಿ ಹಾಸಿದರು. ಸರ್ ತಮ್ಮ ಮನೆತನದ ಹೆಸರು ಹೇಳಿದರು. ಕೂಡಲೇ ಆ ಮನುಷ್ಯ ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಕಾಗದದ ಗಂಟೊಂದನ್ನು ಎದೆಗವಚಿಕೊಂಡು ಬಂದರು.

"ಹೊಲದ ಕೇಸು ಮತ್ತ ಚಾಲೂ ಮಾಡಾಕ ಬಂದೀರೇನ್ರಿ? ಕಾಗದಾ ಎಲ್ಲಾ ಬರೋಬ್ಬರಿ ಅದಾವ್ರಿ ನಮ್ಮವು."

"ಇಲ್ರಿ, ಇಲ್ಲ," ಎಂದರು ಸರ್. "ನನ್ನ ಹತ್ರ ನಿಮ್ಮದೊಂದು ಕಾಗದ ಅದ. ಕೊಟ್ಟು ಹೋಗ್ಲಿಕ್ಕೆ ಬಂದೀನಿ."

ಕೆಂಚಪ್ಪನ ಅರ್ಜಿಯನ್ನು ಮೆಲ್ಲಗೆ, ಕನ್ನಡದಲ್ಲಿ ಹೇಳುತ್ತ ಓದಿದರು. ಸೌಟಿನ ಹಾಳೆಯನ್ನೂ ತೋರಿಸಿದರು, ಏನನ್ನೂ ಮುಚ್ಚಿಡಲಿಲ್ಲ. ಗಂಡಹೆಂಡತಿ ರಂಟೆಯ ಗುರುತನ್ನು ಬಹಳ ಹೊತ್ತು ನೋಡಿದರು.

"ಏನ ಹೆಸರಂದ್ರಿ?"

"ಕೆಂಚಪ್ಪ."

"ನಮಗ ಮುತ್ಯಾನ ಹೆಸರಿಂದ ಮ್ಯಾಲಿಂದು ಗೊತ್ತಿಲ್ರಿ," ಎಂದು ರೈತ ಗಂಟನ್ನು ಪಕ್ಕಕ್ಕಿಟ್ಟರು. "ನಮ್ಮಪ್ಪನ ಅವ್ವ, ನಮ್ಮ ಆಯಿ ಒಬ್ಬಾಕಿ ಇದ್ದಳು. ಆ ಹೊಲ ಮೂಲಿಂದನೂ ನಮ್ಮದ, ಮೋಸ ಮಾಡಿ ತಗೊಂಡಾರ ಅಂತ ಸಾಯೂತನಕ ಹೇಳಾಕತ್ತಿದ್ದಳು. ಮುದುಕಿಗೆ ಮಳ್ಳು ಹಿಡದೈತಿ ಅಂತ ನಾವೆಲ್ಲಾ ನಗತಿದ್ವಿ. ನಮ್ಮಪ್ಪ ಒಂದಿನ ಬಾಯಿ ಮುಚ್ಚು ಅಂತ ಕೈ ಎತ್ತಿದ್ದ. ಲಾವಣಿ ಹೋಗಿಬಿಟ್ಟೀತು ಅಂತ ಅಂಜಿಕಿರಿ ಅವಗ."

ಅವರು ಹಾಳೆಯ ಮೇಲಿನ ರಂಟೆಯನ್ನು ಬೆರಳಿನಿಂದ ಸವರಿದರು.

ಸರ್ ಎದ್ದು ನಿಂತು ಕೈ ಮುಗಿದರು. ಆ ಹೆಣ್ಣುಮಗಳು ಗಾಬರಿಯಿಂದ ತಾನೂ ಎದ್ದಳು. "ಯಾಕ್ರಿ ಯಪ್ಪಾ, ಅವರು ಎಂದೋ ಮಾಡಿದ್ದಕ್ಕ ನೀವ್ಯಾಕ ಕೈ ಮುಗೀತೀರಿ?"

"ಹುಡುಗ ಇದ್ದಾಗ ನಿಮ್ಮ ಹೊಲದ ಅಕ್ಕಿ ನಾನೂ ಉಂಡೀನಿ, ತಾಯಿ. ನಿಮ್ಮ ಹಿರ್ಯಾರು ಚಕ್ಕಡಿಯೊಳಗ ತಂದು ಹಾಕಿ, ಅಂಗಳದಾಗ ನಿಂತು ಹೋಗ್ತಿದ್ರು. ಒಳಗ ಬರ್ರಿ ಅಂತ ಯಾರೂ ಅನ್ನತಿದ್ದಿಲ್ಲ."

"ಅದಕ್ಕೇನ್ರಿ ಈಗ. ಕುಂದರ್ರಿ, ರೊಟ್ಟಿ ಉಂಡು ಹೋಗ್ರಿ," ಎಂದು ಅವಳು ಒಳಗೆ ಹೋದಳು. ಸರ್ ಹೊರಗಡೆ ಊಟ ಮಾಡುವವರಲ್ಲ. ಅಂದು ಎರಡು ರೊಟ್ಟಿ ತಿಂದು, ಮಜ್ಜಿಗೆ ಕುಡಿದರು.

ಆಮೇಲೆ ಅವರು ಎರಡು ವರ್ಷ ಬದುಕಿದ್ದರು. ಮಾಸೂರಿನವರು ಹಾನಗಲ್ಲಿಗೆ ಬಂದಾಗ ಅವರ ಮನೆಗೆ ಹೋಗುತ್ತಿದ್ದರು. ಮನೆತನದವರು ಬರುತ್ತಿರಲಿಲ್ಲ. ಈ ಸಲ ಸುಗ್ಗಿ ಮುಗಿದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಸರ್ ಏಳಲಿಲ್ಲ. ಸತ್ತ ಕೂಡಲೇ ಅವರು ಮತ್ತೆ ಮನೆತನಕ್ಕೆ ಸೇರಿದರು. 'ಮಹಾಪಂಡಿತರ ವಂಶದ ಕುಡಿ, ಇತಿಹಾಸ ಸಂಶೋಧಕ' ಎಂದು ಫ್ಲೆಕ್ಸು ಮಾಡಲು ಡಾಕ್ಟರು ಫೋನು ಮಾಡಿದರು. ಮಷೀನು ಕೆಟ್ಟಿದೆ ಎಂದೆ. ನನ್ನ ಧೈರ್ಯದ ಅಳತೆ ಅಷ್ಟೇ.

ಹದಿಮೂರನೆಯ ದಿನದ ಸಮಾರಾಧನೆಗೆ ಹುಬ್ಬಳ್ಳಿ, ಬೆಳಗಾವಿ ಎಲ್ಲ ಬಂದಿತ್ತು. ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುತ್ತಿದ್ದವರು ಡಾಕ್ಟರು. ಮಾಸೂರಿನ ಗಂಡಹೆಂಡತಿ ಟಂಟಂ ಆಟೋದಿಂದ ಒಂದು ಚೀಲ ಅಕ್ಕಿ ಇಳಿಸಿಕೊಂಡು ಅಂಗಳಕ್ಕೆ ಬಂದರು. ಡಾಕ್ಟರು ಬಹಳ ಮರ್ಯಾದೆಯಿಂದ ಕೇಳಿದರು.

"ತಾವು ಯಾರ ಕಡೆಯವರು?"

ರೈತ ಹೆಂಡತಿಯ ಮುಖ ನೋಡಿದರು. ಆಮೇಲೆ, "ನಾವು ಹೊಲದ ಕಡ್ಯಾವರ್ರಿ," ಎಂದರು.

ಡಾಕ್ಟರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬಾಯಿಯವರು ಒಳಗಿನಿಂದ ಬಂದು ಆ ಹೆಣ್ಣುಮಗಳ ಕೈ ಹಿಡಿದರು. ಅಕ್ಕಿ ಚೀಲವನ್ನು ನೇರವಾಗಿ ಒಲೆಯ ಹತ್ತಿರ ಒಯ್ಯಲು ನನಗೆ ಹೇಳಿ, ಅಡಿಗೆಯವರನ್ನು ಕರೆದು, ಇದನ್ನೇ ಇವತ್ತು ಮಾಡಬೇಕು ಎಂದರು. ಎಲೆ ಹಾಕಿದಾಗ ಮಾಸೂರಿನವರಿಬ್ಬರನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಒಬ್ಬಿಬ್ಬರು ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಬಾಯಿಯವರು ಯಾರನ್ನೂ ನೋಡಲಿಲ್ಲ. ನಾನು ನೀರು ಬಡಿಸುತ್ತಿದ್ದೆ.

ಅನ್ನ ಬಂತು. ಡಾಕ್ಟರು ಎರಡು ತುತ್ತು ಉಂಡು ತಲೆ ಎತ್ತಿದರು.

"ವೈನಿ, ಅಕ್ಕಿ ಭಾಳ ಛಲೋ ಅದ. ಎಲ್ಲಿಂದ ತರಸೀರಿ?"

"ಮಾಸೂರಿಂದು. ಕೆಂಚಪ್ಪನ ಹೊಲದ್ದು," ಎಂದರು ಬಾಯಿಯವರು, ಎಲ್ಲರಿಗೂ ಕೇಳುವಂತೆ.

ಡಾಕ್ಟರ ಕೈ ಎಲೆಯ ಮೇಲೆ ನಿಂತಿತು. ಎದುರಿನ ಸಾಲಿನಲ್ಲಿ ರೈತ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಡಿಸುವವರು ಅನ್ನದ ಪಾತ್ರೆ ಹಿಡಿದು ಮತ್ತೆ ಬಂದರು. ಡಾಕ್ಟರು ಎಲೆಯ ಮೇಲೆ ಜಾಗ ಮಾಡಿ, "ಇನ್ನೊಂದ್ಸ್ವಲ್ಪ ಹಾಕು," ಎಂದರು.